ತೆಗೆಯದ ಕದ

ಹನ್ನೊಂದು ವರ್ಷ ಬೋರ್ಡಿನ ಮೇಲೆ ಒಂದೇ ಚಿತ್ರ ಬರೆದೆ:
ಕದ, ಕದಕ್ಕೆ ಮೆಗ್ನೀಸಿಯಂ ಅಗಳಿ.
ಗ್ಲುಟಮೇಟ್ ಬಂದು ಬಡಿಯಬೇಕು,
ಒಳಗಿನವರಿಗೂ ಎಚ್ಚರವಿರಬೇಕು,
ಆಗ ಅಗಳಿ ಜಾರಿ ಕ್ಯಾಲ್ಸಿಯಂ ನುಗ್ಗುತ್ತದೆ,
ನೆನಪು ಹುಟ್ಟುತ್ತದೆ.
ನುಗ್ಗದಿದ್ದರೆ ಏನೂ ಆಗಿಲ್ಲ.
ಈ ಕೊನೆಯ ಸಾಲಿಗೆ ಅಡಿಗೆರೆ ಎಳೆಸುತ್ತಿದ್ದೆ.

ಮೊನ್ನೆ ಶ್ರೀಶೈಲ ಬಿರಾದಾರ, ಎರಡನೇ ವರ್ಷದ ಪೀಜಿ,
ಲ್ಯಾಪ್‌ಟಾಪ್ ಹಿಡಿದು ಬಂದ. ಇಲಿಯ ಮಿದುಳಿನ ಹೋಳು,
ಯಾರದೋ ಲ್ಯಾಬಿನ ವಿಡಿಯೊ.
ತೂತಿಗೆ ಔಷಧ ಮೆತ್ತಿ ಮುಚ್ಚಿದ್ದಾರೆ,
ಕ್ಯಾಲ್ಸಿಯಂ ಒಂದು ಕಣವೂ ನುಸುಳಿಲ್ಲ.
ಆದರೂ ನರದ ಕೊಂಬೆಯ ಮೇಲಿನ ಆ ಮುಳ್ಳು
ಬಿಸಿಲಿಗಿಟ್ಟ ಲಿಂಬೆಕಾಯಿಯ ಹಾಗೆ
ಕುಗ್ಗುತ್ತ ಹೋಯಿತು.
"ಕದಾ ತೆಗದೇ ಇಲ್ಲ ಮೇಡಂ. ಒಳಗ ಏನೂ ಬಂದಿಲ್ಲ.
ಮತ್ತ ಇದಕ್ಯಾಕ ಹಿಂಗ ಆತು?"

ನಾಳೆ ಹೇಳ್ತೀನಿ ಅಂದೆ.
ಗೊತ್ತಿಲ್ಲ ಅನ್ನುವುದಕ್ಕೆ ಕಲಿಸುವವರು ಹಾಗೆ ಅನ್ನುತ್ತೇವೆ.

ರಾತ್ರಿ ನೆನಪಾದದ್ದು
ಜೋರಾಪುರ ಪೇಟೆಯ ಸೋಮವ್ವ ಚಿಗವ್ವನ ಮನೆ.
ಖಣದ ಕುಬಸ ಹೊಲಿದು ಹೊಲಿದು ಕೊಂಡ ಮೂರಂಕಣದ ಮನೆ,
ಪಡಸಾಲೆಯಲ್ಲಿ ಮಶೀನು, ಕಾಕಾ ಸದಾ ಲಾರಿಯ ಮೇಲೆ.
ತಾಯಿಯ ಮುತ್ತಿನ ನತ್ತು ಯಾರಿಗೆ ಅನ್ನುವ ಮಾತಿಗೆ
ಅಣ್ಣ ಅಮೋಘಿಯ ಮುಖ ನೋಡುವುದಿಲ್ಲವೆಂದು ಆಣೆ ಇಟ್ಟಿದ್ದಳು.
ಅವನೋ, ರವಿವಾರದ ಸಂತೆ ಮುಗಿಸಿ
ಇಂಡಿಯ ಬಸ್ಸು ಹಿಡಿಯುವ ಮುಂಚೆ ಬಂದು
ಮೂರೇ ಸಲ ಬಡಿಯುತ್ತಿದ್ದ. ಕೂಗುತ್ತಿರಲಿಲ್ಲ.
ಟವೆಲಿನಿಂದ ಬಿಚ್ಚಿ ಕಟ್ಟೆಯ ಮೇಲೆ
ನಾಲ್ಕು ಲಿಂಬೆಕಾಯಿ ಇಟ್ಟು ಹೋಗುತ್ತಿದ್ದ.
ಅವಳು ತೆಗೆಯಲಿಲ್ಲ. ಲಿಂಬೆಕಾಯಿ ಒಳಗೆ ಬರಲಿಲ್ಲ,
ಓಣಿಯ ಹುಡುಗರು ಉಪ್ಪು ಹಚ್ಚಿ ಚೀಪಿದರು.

ರಜೆಗೆ ಹೋದ ನಾನು ನೋಡಿದ್ದು ಒಳಗಿನದು.
ಮೊದಲ ಬಡಿತಕ್ಕೆ ಗಾಲಿ ನಿಲ್ಲುತ್ತಿತ್ತು,
ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ಹಾಗೇ.
ದೀಪಾವಳಿಗೆ ಮಶೀನು ನಡುಮನೆಗೆ ಹೋಯಿತು,
ಯುಗಾದಿಗೆ ಅಡುಗೆಮನೆಗೆ, ಒಲೆಯ ಮಗ್ಗುಲಿಗೆ.
ಪಡಸಾಲೆಯಲ್ಲಿ ಜೇಡ. ಗಿರಾಕಿಗಳು ಹಿತ್ತಲಿಂದ.
ಒಂದು ಕಾಯಿಯೂ ಹೊಸ್ತಿಲು ದಾಟದೆ
ಮೂರಂಕಣದ ಮನೆ ಒಂದಂಕಣವಾಯಿತು.

ಹೊರಗೆ ಬಡಿದದ್ದು ಒಳಗಿನ ಬಾಲವನ್ನು ತಿರುಚುತ್ತದೆ,
ಇಷ್ಟೇ ಇರಬೇಕು ಉತ್ತರ.
ಹರಿದು ಬರುವುದು ಏನೂ ಬೇಕಿಲ್ಲ,
ಹಲಗೆ ಒಳಮುಖವಾಗಿ ಎಳ್ಳಷ್ಟು ಮಿಸುಕಿದರೆ
ಅದಕ್ಕೆ ಆತುಕೊಂಡವರೆಲ್ಲ ಸರಿದು ಕೂರುತ್ತಾರೆ.
ಗ್ರಾಹಿಗೆ ಹಟವಿಲ್ಲ, ನತ್ತಿಲ್ಲ, ಗೊತ್ತು.
ಹೋಲಿಕೆ ಹರಿದಲ್ಲಿ ನಾನೇ ಹೊಲಿಯುತ್ತಿದ್ದೇನೆ.

ಇನ್ನೊಂದು ಇದೆ, ಶ್ರೀಶೈಲ ನಂಬಲಿಲ್ಲ:
ಕುಗ್ಗಿಸಿದ ಆ ತಿರುಚೇ,
ಕ್ಯಾಲ್ಸಿಯಂ ಜೋರಾಗಿ ಸೇರಿದ ದಿನ,
ಮುಳ್ಳನ್ನು ಬೆಳೆಸುವುದಕ್ಕೂ ಬೇಕಂತೆ.

ಶ್ರಾವಣದ ಒಂದು ರವಿವಾರ ಅಮೋಘಿಯ ಸಂಗಡ ಮಗಳು ಬಂದಿದ್ದಳು.
ಅವನು ಓಣಿಯ ತುದಿಗೇ ನಿಂತ.
ಹುಡುಗಿ ಮೂರಲ್ಲ, ಲೆಕ್ಕವಿಲ್ಲದೆ, ಎರಡೂ ಕೈಯಿಂದ ಬಡಿದಳು:
ಆಗಸ್ಟ್ ಹದಿನೈದರ ಕುಣಿತಕ್ಕ ಕುಬಸ ಬೇಕು,
ನಾಡಿದ್ದಿಗೇ ಬೇಕು, ಅತ್ತಿ, ಅತ್ತೀ!
ಅವತ್ತು ಅಗಳಿ ಜಾರಿತು.
ವಾರದಲ್ಲಿ ಮಶೀನು ಹೊರಗೆ ಬಂತು,
ಪಡಸಾಲೆಗೂ ನಿಲ್ಲದೆ ಕಟ್ಟೆಯವರೆಗೆ,
ಮೇಲೆ ತಗಡು ಹೊದಿಸಿದಳು.
ಅಣ್ಣನ ಜೊತೆ ಮಾತು? ಅದು ಇವತ್ತಿಗೂ ಇಲ್ಲ.

ಇವತ್ತು ಕ್ಲಾಸಿನಲ್ಲಿ ಕದ ಬರೆದೆ, ಮುಚ್ಚಿದ್ದು.
ಹೊರಗೆ ಒಂದು ಬಾಣ. ಒಳಗೆ, ಅದಕ್ಕೆ ತಾಗದೆ, ಇನ್ನೊಂದು.
ನಡುವೆ ಖಾಲಿ ಬಿಟ್ಟೆ.
ಹಿಂದಿನ ಬೆಂಚು ಕೇಳಿತು,
"ಇದು ಪರೀಕ್ಷಾಕ್ಕ ಬರ್ತದೇನ್ರಿ?"
"ಇನ್ನೂ ಬರೂದಿಲ್ಲ," ಅಂದೆ,
"ಆದರ ಹಳೇ ಅಡಿಗೆರೆ ಅಳಸ್ರಿ."